ಎತ್ತಿ ಕುಡಿದ ಹುಣಸೆ ಸೋಡಾ

ನಾವು ಟೋಕಿಯೋದ ಫುನಾಬೊರಿಯಲ್ಲಿದ್ದ ಕಾಲದಲ್ಲಿ ಬೇಸಿಗೆ ರಜೆ ಜುಲೈ ತಿಂಗಳು ಮುಗಿಯುವ ಹೊತ್ತಿಗೆ ಬರುತ್ತಿತ್ತು. ಮೈಸೂರಿನಲ್ಲಿ ಏಪ್ರಿಲ್ ತಿಂಗಳಲ್ಲೇ ಪರೀಕ್ಷೆ ಮುಗಿಸಿ, ಮಾವಿನಹಣ್ಣಿನ ರಸವನ್ನು ಮೊಣಕೈವರೆಗೆ ಸುರಿಸಿಕೊಂಡು ರಜೆ ಕಳೆದಿದ್ದ ನನಗೆ ಇದು ದೊಡ್ಡ ಅನ್ಯಾಯ ಅನ್ನಿಸಿತ್ತು. ಆಗ ನನಗೆ ಒಂಬತ್ತು ವರ್ಷ. ಅಪ್ಪನನ್ನು ಕಂಪನಿಯವರು ಟೋಕಿಯೋಗೆ ಕಳಿಸಿದ್ದರು. ಅಪ್ಪನ ಹಿಂದೆ ಅಮ್ಮ, ಅಮ್ಮನ ಹಿಂದೆ ನಾನು, ನನ್ನ ಹಿಂದೆ ಎರಡು ಕುಕ್ಕರು, ಒಂದು ಇಡ್ಲಿ ಸ್ಟ್ಯಾಂಡು. ಚಿಕ್ಕಂದಿನಲ್ಲಿ ಭಾಷೆ ಬಾರದ ಊರಿಗೆ ಹೋಗಿ ಶಾಲೆಯಲ್ಲಿ ಕೂತವರು ನಿಮ್ಮಲ್ಲಿ ಯಾರಾದರೂ ಇದ್ದರೆ ಮುಂದಿನದನ್ನು ನಾನು ಹೆಚ್ಚು ಬಿಡಿಸಿ ಹೇಳಬೇಕಾಗಿಲ್ಲ.

ನಮಗೆ ಗೊತ್ತಿದ್ದ ಕನ್ನಡದವರ ಮಕ್ಕಳೆಲ್ಲ ಇಂಡಿಯನ್ ಸ್ಕೂಲಿಗೆ ಹೋಗುತ್ತಿದ್ದರು. ನಾವು ಹೋದ ವರ್ಷ ಅಲ್ಲಿ ಸೀಟಿರಲಿಲ್ಲ. ಹಾಗಾಗಿ ನನ್ನನ್ನು ಮನೆಯ ಹತ್ತಿರದ ಜಪಾನೀ ಶಾಲೆಗೆ ಸೇರಿಸಿದರು. ‘ಆರು ತಿಂಗಳಲ್ಲಿ ಕಲ್ತ್ಕೋತಾಳೆ ಬಿಡೇ, ಮಕ್ಕಳು ಸ್ಪಂಜ್ ಇದ್ದಂಗೆ’ ಎಂದು ಅಪ್ಪ ಅಮ್ಮನಿಗೆ ಧೈರ್ಯ ಹೇಳಿದರು. ಆ ಸ್ಪಂಜು ಮೊದಲ ನಾಲ್ಕು ತಿಂಗಳು ಏನನ್ನೂ ಹೀರಲಿಲ್ಲ. ಸೆನ್ಸೇಯ್, ಅಂದರೆ ಅಲ್ಲಿನ ಮಿಸ್ಸು, ಏನು ಕೇಳಿದರೂ ತಲೆ ಆಡಿಸುತ್ತಿದ್ದೆ. ಎಲ್ಲರೂ ಶಾಲೆಯ ಊಟ ಮಾಡುವಾಗ ನಾನು ಮಾತ್ರ ಡಬ್ಬಿ ಬಿಚ್ಚಿ ಕಿಟಕಿಯ ಕಡೆ ಮುಖ ಮಾಡಿ ಚಿತ್ರಾನ್ನ ತಿನ್ನುತ್ತಿದ್ದೆ. ಅಮ್ಮ ದಿನಾ ತಲೆಗೆ ಕೊಬ್ಬರಿ ಎಣ್ಣೆ ಹಚ್ಚಿ ಎರಡು ಜಡೆ ಹಾಕುತ್ತಿದ್ದಳು. ಹಿಂದೆ ಕೂತ ಹುಡುಗಿ ಆ ಜಡೆಯನ್ನು ಪೆನ್ಸಿಲ್ಲಿನ ತುದಿಯಿಂದ ಆಚೆ ತಳ್ಳಿ ‘ಕಿತಾನಾಯ್’ ಅನ್ನುತ್ತಿದ್ದಳು. ಕಿತಾನಾಯ್ ಅಂದರೆ ಗಲೀಜು. ನಾನು ಯಾರೂ ಕಲಿಸದೆ ಕಲಿತ ಮೊದಲ ಜಪಾನೀ ಮಾತು ಅದು. ಅಮ್ಮನಿಗೆ ಹೇಳಲಿಲ್ಲ. ಎಣ್ಣೆ ಬೇಡಮ್ಮ ಎಂದಷ್ಟೇ ಹೇಳಿದೆ, ತಲೆಗೆ ತಂಪು ಬೇಕು ಸುಮ್ನಿರು ಎಂದಳು.

ರಜೆ ಬಂದಾಗ ಮೊದಲ ವಾರ ಖುಷಿ, ಎರಡನೆಯ ವಾರದಿಂದ ಮನೆಯ ಬಾಲ್ಕನಿಯೇ ಲೋಕ. ಕೆಳಗೆ ಜೀರುಂಡೆಗಳು ಹೊಟ್ಟೆ ಹರಿಯುವ ಹಾಗೆ ಕಿರುಚುತ್ತಿದ್ದವು. ಭಾನುವಾರ ಪಾರ್ಕಿನಲ್ಲಿ ಸಿಗುತ್ತಿದ್ದ ಕನ್ನಡದ ಮಕ್ಕಳು ತಮ್ಮ ಸ್ಕೂಲಿನ ಸಂಗತಿಗಳನ್ನು ಇಂಗ್ಲಿಷಿನಲ್ಲಿ ಮಾತಾಡಿಕೊಂಡು ನಗುತ್ತಿದ್ದರು. ನಾನು ಜಾರುಬಂಡೆಯ ಪಕ್ಕ ನಿಂತು ನಕ್ಕ ಹಾಗೆ ಮಾಡುತ್ತಿದ್ದೆ.

ನನ್ನನ್ನು ಮನೆಯಿಂದ ಹೊರಗೆ ಹಾಕಿದ್ದು ಕೊತ್ತಂಬರಿ ಸೊಪ್ಪು. ಸೊಪ್ಪಿಲ್ಲದ ಸಾರೂ ಒಂದು ಸಾರೇ ಎಂದು ಗೊಣಗುತ್ತಿದ್ದ ಅಮ್ಮ, ಸ್ಟೇಷನ್ನಿನ ಹಿಂದಿನ ಬೀದಿಯಲ್ಲಿ ಒಂದು ಮೆಕ್ಸಿಕೋ ದೇಶದ ಅಂಗಡಿಯನ್ನು ಪತ್ತೆ ಮಾಡಿದ್ದಳು. ಅಲ್ಲಿ ಕಟ್ಟುಗಟ್ಟಲೆ ಕೊತ್ತಂಬರಿ, ಖಾರದ ಹಸಿಮೆಣಸಿನಕಾಯಿ, ಚಿಕ್ಕ ನಿಂಬೆಹಣ್ಣು. ಇಂಥ ದೇಶದವರು ನಮ್ಮವರೇ ಇರಬೇಕು ಎಂದು ಅಮ್ಮ ತೀರ್ಮಾನಿಸಿಬಿಟ್ಟಳು. ನಾನೊಬ್ಬಳೇ ಹೋಗಿ ತರಬಲ್ಲೆ ಎಂದಾದ ಮೇಲೆ ಚೀಲ ನನ್ನ ಕೈಗೆ ಬಂತು.

ಅಂಗಡಿಯಾಕೆ ಗುಂಗುರು ಕೂದಲಿಗೆ ಪೆನ್ಸಿಲ್ ಸಿಕ್ಕಿಸಿಕೊಂಡಿರುತ್ತಿದ್ದ ಹೆಂಗಸು. ಒಂದೇ ಮಾತನ್ನು ಮೊದಲು ತನ್ನ ಭಾಷೆಯಲ್ಲಿ, ಆಮೇಲೆ ಮುರುಕು ಜಪಾನಿಯಲ್ಲಿ ಹೇಳುತ್ತಿದ್ದಳು. ಎರಡೂ ನನಗೆ ಮುಟ್ಟದಿದ್ದಾಗ ಏನಾದರೂ ತಿನ್ನಲು ಕೈಗೆ ತುರುಕುತ್ತಿದ್ದಳು. ಅವಳ ಗಂಡ ಜಪಾನಿನವನು. ಮಗಳು ಎಮಿ ನನ್ನ ಶಾಲೆಯಲ್ಲೇ, ನನ್ನದೇ ತರಗತಿಯ ಇನ್ನೊಂದು ಸೆಕ್ಷನ್ನಿನಲ್ಲಿ ಓದುತ್ತಿದ್ದಳು. ಶಾಲೆಯಲ್ಲಿ ಅವಳನ್ನು ದೂರದಿಂದ ನೋಡಿದ್ದೆ. ನನ್ನ ಹಾಗೇ ಯಾವಾಗಲೂ ಗೋಡೆಯ ಪಕ್ಕ ಇರುತ್ತಿದ್ದಳು. ಅವಳಿಗೆ ಭಾಷೆ ಬರುತ್ತದಲ್ಲ, ಮತ್ತೆ ಇವಳಿಗೇನು ಕಷ್ಟ ಎಂದು ನನಗೆ ಆಶ್ಚರ್ಯವಾಗುತ್ತಿತ್ತು.

ಆ ಅಂಗಡಿಯ ಗಾಜಿನ ಕಪಾಟಿನಲ್ಲಿ ಸಾಲಾಗಿ ಬಣ್ಣದ ಸೋಡಾ ಬಾಟಲಿಗಳಿದ್ದವು. ಕೆಂಪು, ಕೇಸರಿ, ಎಳೆ ಹಸಿರು, ಕಾಫಿ ಬಣ್ಣ. ಎಲ್ಲ ಹಣ್ಣಿನ ಸೋಡಾಗಳು, ಹಡಗಿನಲ್ಲಿ ಮೆಕ್ಸಿಕೋದಿಂದ ಬಂದವು. ಬಾಟಲಿಯ ಮೇಲಿನ ತಾರೀಖು ಒಂದು ದಿನ ದಾಟಿದರೂ ಜಪಾನಿನಲ್ಲಿ ಯಾರೂ ಅದನ್ನು ಕೊಳ್ಳುವುದಿಲ್ಲ, ಮಾರುವವರೂ ಇಡುವುದಿಲ್ಲ. ಹಾಗೆ ತಾರೀಖು ದಾಟಿದ ಬಾಟಲಿಗಳನ್ನು ಎಮಿಯ ಅಮ್ಮ ಹಿತ್ತಿಲ ಮೆಟ್ಟಿಲ ಬಳಿ ಒಂದು ಪ್ಲಾಸ್ಟಿಕ್ ಕ್ರೇಟಿನಲ್ಲಿ ಇಡುತ್ತಿದ್ದಳು. ಆ ಕ್ರೇಟಿಗೆ ಎಮಿಯೇ ಯಜಮಾನಿ. ನಾನು ಮೂರನೆಯ ಸಲವೋ ನಾಲ್ಕನೆಯ ಸಲವೋ ಸೊಪ್ಪಿಗೆ ಹೋದಾಗ, ಎಮಿ ಹಿತ್ತಿಲ ಬಾಗಿಲಿಂದ ತಲೆ ಹಾಕಿ ಕೈ ಸನ್ನೆಯಲ್ಲಿ ಕರೆದಳು. ಒಂದು ಬಾಟಲಿ ಅವಳಿಗೆ, ಒಂದು ನನಗೆ. ಮುಚ್ಚಳ ತೆಗೆದರೆ ಟಪ್ ಎಂದು ಸೀಬೆಹಣ್ಣಿನ ವಾಸನೆ ಬಂತು.

ಅಯ್ಯೋ, ಆ ವಾಸನೆಯನ್ನು ಏನೆಂದು ಹೇಳಲಿ! ಶಾಲೆ ಬಿಟ್ಟು ಬರುವಾಗ ಗಾಡಿಯವನು ಉಪ್ಪುಖಾರ ಹಾಕಿ ಕೊಡುತ್ತಿದ್ದ ಸೀಬೆಕಾಯಿ ಅಲ್ಲ, ನಾಲ್ಕು ದಿನ ಬಿಟ್ಟು ಕಳಿತು ಮನೆಯೆಲ್ಲ ತುಂಬುವ ಸೀಬೆಹಣ್ಣು. ನಾನು ಕಣ್ಣು ಮುಚ್ಚಿ ಕುಡಿದೆ. ಎಮಿ ಹೇಗಿದೆ ಎಂದು ಕೇಳಿದಳು. ಉತ್ತರ ಕೊಡಲು ನನ್ನ ಹತ್ತಿರ ಮಾತಿಲ್ಲ. ಅವಳು ಕಾರ್ಡ್‌ಬೋರ್ಡಿನ ತುಂಡು, ಪೆನ್ಸಿಲ್ ಕೊಟ್ಟಳು. ನಾನು ಮೈಸೂರಿನ ಮಿಸ್ಸಿನ ಹಾಗೆ ದೊಡ್ಡದಾಗಿ ಟಿಕ್ ಹಾಕಿದೆ. ಎಮಿಯ ಮುಖ ಸಣ್ಣದಾಯಿತು. ಆ ದೇಶದಲ್ಲಿ ಸರಿಯುತ್ತರಕ್ಕೆ ಸೊನ್ನೆ ಸುತ್ತುತ್ತಾರೆ, ತಪ್ಪಿಗೆ ಟಿಕ್ ಹಾಕುತ್ತಾರೆ ಎಂದು ನನಗೆ ಮರೆತೇಹೋಗಿತ್ತು. ನೆನಪಾದ ಕೂಡಲೇ ಟಿಕ್ಕನ್ನು ಅಳಿಸಿ ಒಂದರೊಳಗೊಂದು ಎರಡು ಸೊನ್ನೆ ಬರೆದೆ. ಅವಳು ನಕ್ಕಳು. ಅದು ಪೆನ್ಸಿಲ್ಲಿನಲ್ಲಿ ಮಾಡಿದ ತಪ್ಪು, ರಬ್ಬರಿನಲ್ಲಿ ಮುಗಿದುಹೋಯಿತು.

ಅಲ್ಲಿಂದ ಮುಂದೆ ನಮ್ಮಿಬ್ಬರ ಕಚೇರಿ ಶುರು. ಮಧ್ಯಾಹ್ನ ಮೆಟ್ಟಿಲ ಮೇಲೆ ಕೂತು ಕುಡಿಯುವುದು, ಯೋಚಿಸುವುದು, ಗುರುತು ಹಾಕುವುದು. ಎರಡು ಸೊನ್ನೆ ಎಂದರೆ ಅದ್ಭುತ, ಒಂದು ಸೊನ್ನೆ ಚೆನ್ನಾಗಿದೆ, ತ್ರಿಕೋನ ಎಂದರೆ ಪರವಾಗಿಲ್ಲ, ಇಂಟು ಎಂದರೆ ಬೇಡ. ಅನಾನಸ್ ಸೋಡಾಕ್ಕೆ ನಾನು ತ್ರಿಕೋನ ಹಾಕಿದೆ, ಮದುವೆ ಮನೆಯ ಕೇಸರಿಬಾತಿಗೆ ಹಾಕುವ ಎಸೆನ್ಸಿನ ವಾಸನೆ. ಎಮಿ ಎರಡು ಸೊನ್ನೆ ಹಾಕಿದಳು. ಕೆಂಪು ಸ್ಟ್ರಾಬೆರಿಯನ್ನು ನಾನು ಕೆಮ್ಮಿನ ಔಷಧಿ ಎಂದು ಅಭಿನಯಿಸಿ ತೋರಿಸಿದಾಗ ಎಮಿ ಹೊಟ್ಟೆ ಹಿಡಿದುಕೊಂಡು ನಕ್ಕು, ತನ್ನ ಸೊನ್ನೆಯನ್ನು ಹೊಡೆದುಹಾಕಿ ಇಂಟು ಬರೆದಳು. ಕಿತ್ತಳೆಗೆ ಇಬ್ಬರದೂ ಒಂದೊಂದು ಸೊನ್ನೆ. ದಾಸವಾಳ ಹೂವಿನದೂ ಒಂದಿತ್ತು. ದೇವರ ಪಟಕ್ಕೆ ಏರಿಸುವ ಹೂವನ್ನು ಸೋಡಾ ಮಾಡಿ ಕುಡಿಯುವವರೂ ಇದ್ದಾರಲ್ಲ ಎಂದು ನನಗೆ ಒಂದೇ ಬೆರಗು. ಅದನ್ನು ಅವಳಿಗೆ ಹೇಳಲು ಕೈಮುಗಿದು, ಗಂಟೆ ಬಾರಿಸಿ, ಹೂವು ಏರಿಸಿ ತೋರಿಸಿದೆ. ಅವಳಿಗೆ ಅರ್ಥವಾಯಿತೋ ಇಲ್ಲವೋ, ತಾನೂ ಬಾಟಲಿಗೆ ಕೈಮುಗಿದಳು.

ಇನ್ನು ಹುಣಸೆ ಸೋಡಾ. ಅದರ ಕಂದು ಬಣ್ಣ ನೋಡಿ ಇದೇನೋ ಕಷಾಯ ಅಂದುಕೊಂಡಿದ್ದೆ. ಒಂದು ಗುಟುಕು ಕುಡಿದದ್ದೇ ತಡ, ದವಡೆ ಜುಮ್ ಎಂದಿತು. ನಾನು ಗುರುತು ಹಾಕುವುದನ್ನೂ ಮರೆತು ಕೂತಿದ್ದನ್ನು ನೋಡಿ ಎಮಿಯ ಅಮ್ಮ ಒಳಗಿಂದ ಒಂದು ಮಿಠಾಯಿ ತಂದು ಕೊಟ್ಟಳು. ಹುಣಸೆಹಣ್ಣು, ಉಪ್ಪು, ಮೆಣಸಿನಪುಡಿ, ಸಕ್ಕರೆ. ಮೈಸೂರಿನಲ್ಲಿ ನಾವು ಅಮ್ಮಂದಿರ ಕಣ್ಣು ತಪ್ಪಿಸಿ ಕುಟ್ಟಿ, ಕಡ್ಡಿಗೆ ಮೆತ್ತಿ ಚೀಪುತ್ತಿದ್ದ ಅದೇ ಉಂಡೆ. ನನಗೆ ಅಳು ಬಂತು. ಜಪಾನಿಗೆ ಬಂದ ಮೇಲೆ ಹೊರಗಡೆ ಅತ್ತದ್ದು ಅದೇ ಮೊದಲು. ಎಮಿ ನನ್ನ ಪಕ್ಕಕ್ಕೆ ಸರಿದು ಕೂತಳು, ಭುಜಕ್ಕೆ ಭುಜ ತಾಗಿತು. ಆ ದಿನ ಮನೆಗೆ ಬಂದಾಗ, ಕೊತ್ತಂಬರಿ ಸೊಪ್ಪು ತರೋಕೆ ಒಂದೂವರೆ ಗಂಟೆ ಬೇಕಾ ಎಂದು ಅಮ್ಮ ಬೈದಳು. ಬೈಸಿಕೊಳ್ಳುವುದೂ ಹಿತವಾಗಿತ್ತು. ಎಮಿಯೊಬ್ಬಳಿದ್ದರೆ ಸೆಪ್ಟೆಂಬರಿನಲ್ಲಿ ಶಾಲೆಗೆ ಹೋಗಬಹುದು, ಗೋಡೆಯ ಪಕ್ಕ ಇಬ್ಬರೂ ನಿಂತರಾಯಿತು ಎಂದು ರಾತ್ರಿ ಹಾಸಿಗೆಯಲ್ಲಿ ಲೆಕ್ಕ ಹಾಕುತ್ತಿದ್ದೆ. ನನಗೆ ಬೇಕಾಗಿದ್ದುದು ಅಷ್ಟೇ, ಒಬ್ಬ ಗೆಳತಿ.

ಆಗಸ್ಟ್ ಮೂರನೆಯ ವಾರ ಇರಬೇಕು. ಬಿಸಿಲಿಗೆ ರಸ್ತೆಯ ಡಾಂಬರು ಮೆತ್ತಗಾಗಿತ್ತು. ಕ್ರೇಟು ಖಾಲಿಯಾಗಿತ್ತು, ಅದರ ಬಾಟಲಿಗಳಲ್ಲಿ ಉಳಿದಿದ್ದುದು ಒಂದೇ ಒಂದು, ಹುಣಸೆಯದು. ಎಮಿ ಅದನ್ನು ನನಗಾಗಿ ಎರಡು ದಿನದಿಂದ ಮುಟ್ಟದೆ ಫ್ರಿಜ್ಜಿನಲ್ಲಿ ಇಟ್ಟಿದ್ದಳು. ಮುಚ್ಚಳ ತೆಗೆದಳು, ಬಾಯಿ ಹಾಕಿ ಗಟಗಟ ಒಂದಿಷ್ಟು ಕುಡಿದಳು, ತುಟಿ ಒರೆಸಿಕೊಂಡು ಬಾಟಲಿಯನ್ನು ನನ್ನ ಕೈಗೆ ಕೊಟ್ಟಳು.

ನಮ್ಮ ಮನೆಯಲ್ಲಿ ಯಾರೂ ಚೊಂಬಿಗಾಗಲಿ ಬಾಟಲಿಗಾಗಲಿ ಬಾಯಿ ಹಾಕಿದವರಲ್ಲ. ಎಲ್ಲರೂ ಎತ್ತಿ ಕುಡಿಯುವವರೇ. ಮೆಟ್ಟಿಲ ಮೇಲೆ ಅಲ್ಲಿಯವರೆಗೆ ನನ್ನ ಬಾಟಲಿ ನನಗೇ ಇದ್ದುದರಿಂದ ಬಾಯಿ ಹಾಕಿಯೇ ಕುಡಿದಿದ್ದೆ, ಎಂಜಲಿನ ಮಾತೇ ಬಂದಿರಲಿಲ್ಲ. ಇನ್ನೊಬ್ಬರ ಎಂಜಲು ಮುಟ್ಟಬಾರದು, ನಮ್ಮ ಎಂಜಲು ಇನ್ನೊಬ್ಬರಿಗೆ ಕೊಡಬಾರದು. ನಡೆಯುವುದನ್ನು ಕಲಿತ ಹಾಗೆ ಅದನ್ನೂ ಕಲಿತಿದ್ದೆ. ನಾನು ಯೋಚಿಸಲೇ ಇಲ್ಲ. ಬಾಟಲಿಯ ಬಾಯಿಯನ್ನು ಫ್ರಾಕಿನ ಅಂಚಿನಿಂದ ಒರೆಸಿದೆ. ಒಂದು ಸಲ ಅಲ್ಲ, ಎರಡು ಸಲ. ಆಮೇಲೆ ಕತ್ತು ಹಿಂದಕ್ಕೆ ಮಾಡಿ ಬಾಟಲಿಯನ್ನು ಮೇಲೆತ್ತಿ ಸುರಿದುಕೊಂಡೆ. ಸೋಡಾವನ್ನು ಎತ್ತಿ ಕುಡಿದು ನೋಡಿ, ಆಮೇಲೆ ಹೇಳಿ. ನೊರೆ ಮೂಗಿಗೆ ಏರಿತು, ಕೆಮ್ಮು ಬಂತು, ಕಣ್ಣಲ್ಲಿ ನೀರು ಬಂತು. ನಾನು ಕೆಮ್ಮುತ್ತಲೇ ನಕ್ಕೆ. ಎಮಿಯೂ ನಗುತ್ತಾಳೆ ಎಂದುಕೊಂಡಿದ್ದೆ.

ಅವಳು ನಗಲಿಲ್ಲ. ಬೆರಳಿನಿಂದ ತನ್ನ ಬಾಯಿಯನ್ನು ತೋರಿಸಿ ಮೆಲ್ಲಗೆ ಕೇಳಿದಳು: ‘ಕಿತಾನಾಯ್?’

ಆ ಒಂದು ಮಾತಿಗೆ ಅರ್ಥ ಹೇಳಿಕೊಡುವವರು ನನಗೆ ಬೇಕಾಗಿರಲಿಲ್ಲ. ಅಲ್ಲ, ಅಲ್ಲ ಎಂದು ಬಡಬಡಿಸಿದೆ. ಇಂಡಿಯಾ ಎಂದೆ, ಅಮ್ಮ ಎಂದೆ, ಎಲ್ಲರೂ ಹೀಗೇ ಎಂದು ಕೈ ಬೀಸಿ ತೋರಿಸಿದೆ. ಮಾತು ಬಲ್ಲವನಿಗೆ ಜಗಳವಿಲ್ಲ ಅಂತಾರೆ, ನನಗೆ ಮಾತೇ ಇರಲಿಲ್ಲವಲ್ಲ. ಎಮಿ ಎಲ್ಲವನ್ನೂ ಕೇಳಿಸಿಕೊಂಡಳು. ಆಮೇಲೆ ಬಾಟಲಿಯನ್ನು ತೆಗೆದುಕೊಂಡು, ತಾನು ಬಾಯಿ ಹಾಕಿ ಒಂದು ಗುಟುಕು ಕುಡಿದು, ಒರೆಸದೆ, ಮತ್ತೆ ನನ್ನ ಮುಂದೆ ಹಿಡಿದಳು. ಕುಡಿ, ಎಂದಳು.

ನಾನು ಕೈ ಮುಂದೆ ಮಾಡಿದೆ, ಬಾಟಲಿ ಹಿಡಿದೆ, ತುಟಿಯ ಹತ್ತಿರ ತಂದೆ. ಅಲ್ಲಿ ನಿಂತೆ. ಹೆಚ್ಚು ಹೊತ್ತಲ್ಲ, ಎರಡು ಉಸಿರು ಅಷ್ಟೇ. ಅಷ್ಟರಲ್ಲಿ ಅವಳಿಗೆ ಉತ್ತರ ಸಿಕ್ಕಿತು. ನನ್ನ ಕೈಯಿಂದ ಬಾಟಲಿಯನ್ನು ಬಿಡಿಸಿಕೊಂಡು ಒಳಗೆ ಹೋಗಿ ಬಾಗಿಲು ಎಳೆದುಕೊಂಡಳು.

ಮನೆಗೆ ಬಂದು ಅಮ್ಮನಿಗೆ ಎಲ್ಲ ಹೇಳಿದೆ. ಅಮ್ಮನಿಗೆ ಸಿಟ್ಟೇ ಬಂತು. ಅದರಲ್ಲೇನು ತಪ್ಪು, ನಿಮ್ಮಪ್ಪನ ಬಾಟಲಿಗೂ ನಾನು ಬಾಯಿ ಹಾಕಲ್ಲ ಎಂದಳು. ನಾನು ಅಳುತ್ತಾ, ಎಂಜಲು ಅಂದರೆ ಗಲೀಜು ಅಂತ ತಾನೆ ಎಂದು ಕೇಳಿದೆ.

‘ಗಲೀಜು ಅಂತಲ್ಲ ಪುಟ್ಟಿ’ ಎಂದು ಶುರು ಮಾಡಿದ ಅಮ್ಮ ಸ್ವಲ್ಪ ಹೊತ್ತು ತಡಕಾಡಿದಳು. ‘ಎಂಜಲು ಅಂದ್ರೆ... ಎಂಜಲು ಅಷ್ಟೆ. ಅದನ್ನ ಹೆಂಗೆ ಹೇಳೋದು?’

ಅಮ್ಮನಿಗೇ ಕನ್ನಡದಲ್ಲಿ ಹೇಳಲಾಗದ್ದನ್ನು ನಾನು ಎಮಿಗೆ ಜಪಾನಿಯಲ್ಲಿ ಹೇಳಬೇಕಿತ್ತು. ನಾಲ್ಕು ದಿನ ಅಂಗಡಿಯ ಕಡೆ ಹೋಗಲಿಲ್ಲ. ಅಮ್ಮ ಸೊಪ್ಪಿಲ್ಲದ ಸಾರು ಮಾಡಿದಳು, ಗೊಣಗಲೂ ಇಲ್ಲ. ಭಾನುವಾರ ಅಪ್ಪನಿಗೆ ವಿಷಯ ಹೇಳಿದ್ದೂ ಅವಳೇ. ‘ನಿಮಗೆ ಜಪಾನೀಸ್ ಬರತ್ತಲ್ರೀ, ಮಗೂಗೆ ಸಾರಿ ಹೇಳೋ ಲೆಟರ್ ಒಂದು ಬರ್ಕೊಡಿ’ ಎಂದಳು.

ಅಪ್ಪನಿಗೆ ಬರುತ್ತಿದ್ದುದು ಆಫೀಸಿನ ಜಪಾನೀ. ಗಿರಾಕಿ ಕಂಪನಿಯ ಕಂಪ್ಯೂಟರ್ ಕೆಟ್ಟು ನಿಂತಾಗ ಬರೆದುಕೊಡುವ ಕ್ಷಮಾಪಣೆ ಪತ್ರಗಳಲ್ಲಿ ಅವರು ಪಳಗಿದ್ದರು. ಊಟದ ಮೇಜಿನ ಮೇಲೆ ಹಾಳೆ ಹರಡಿಕೊಂಡು, ಎರಡು ಗಂಟೆ ಕೂತು, ಪೆನ್ನಿನ ತುದಿ ಕಚ್ಚಿ ಕಚ್ಚಿ ಬರೆದರು. ನಾನು ಅದನ್ನು ಅಕ್ಷರ ಅಕ್ಷರವಾಗಿ, ಚಿತ್ರ ಬರೆದ ಹಾಗೆ, ನನ್ನ ಕೈಯಲ್ಲಿ ನಕಲು ಮಾಡಿದೆ. ಏನು ಬರೆದಿದ್ದೀರಿ ಎಂದರೆ, ಸಾರಿ ಅಂತ ಬರ್ದಿದೀನಿ ಎಂದರು. ‘ಇಂಥಾ ಲೆಟರ್ ಕೊಟ್ರೆ ಎಂಥಾ ಕ್ಲೈಂಟೂ ಸುಮ್ಮನಾಗ್ತಾರೆ ನೋಡ್ತಿರು’ ಎಂದು ತಲೆ ನೇವರಿಸಿದರು. ಆ ಎರಡು ಗಂಟೆ ಅಪ್ಪ ನನಗಾಗಿಯೇ ಕೂತಿದ್ದರು ಎಂಬ ಸಂತೋಷ ನನಗೆ ಎಷ್ಟಿತ್ತೆಂದರೆ ಅವರ ಮೇಲೆ ಇವತ್ತಿಗೂ ಕೋಪ ಬರುವುದಿಲ್ಲ.

ಸೋಮವಾರ ಮಧ್ಯಾಹ್ನ ಪತ್ರ ಹಿಡಿದು ಹೋದೆ. ಎಮಿ ಮೆಟ್ಟಿಲ ಮೇಲೆ ನಿಂತು ಓದಿದಳು. ಒಮ್ಮೆ ಓದಿ, ಮತ್ತೆ ಮೇಲಿನಿಂದ ಓದಿದಳು. ನಾನು ಅವಳ ಮುಖವನ್ನೇ ನೋಡುತ್ತಿದ್ದೆ. ಸಿಟ್ಟಿರಲಿಲ್ಲ. ಹಾಳೆಯನ್ನು ನಾಲ್ಕಾಗಿ ಮಡಿಸಿ ಜೇಬಿನಲ್ಲಿಟ್ಟುಕೊಂಡು, ಅಂಗಡಿಗೆ ಬಂದ ಗಿರಾಕಿಗೆ ಬಾಗುವ ಹಾಗೆ ನನಗೆ ತಲೆ ಬಾಗಿಸಿದಳು. ಒಳಗೆ ಹೋಗಿ ಒಂದು ನಿಂಬೆ ಸೋಡಾ, ಎರಡು ಕಾಗದದ ಲೋಟ ತಂದಳು. ಎರಡಕ್ಕೂ ಒಂದೇ ಸಮ ಬಗ್ಗಿಸಿದಳು, ಅಲ್ಲಿಷ್ಟು ಇಲ್ಲಿಷ್ಟು ಎಂದು ಬಾಗಿ ನೋಡಿ ಸರಿಮಾಡಿದಳು. ನನ್ನ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ಕೊಟ್ಟಳು.

ಕ್ಷಮಿಸಿದಳು ಎಂದು ನನಗೆ ಕುಣಿಯುವಷ್ಟು ಖುಷಿಯಾಯಿತು. ಬಾಟಲಿಯ ತಳದಲ್ಲಿ ಇನ್ನೂ ಸ್ವಲ್ಪ ಉಳಿದಿತ್ತು. ನಾಲ್ಕು ದಿನ ಮನಸ್ಸಿನಲ್ಲೇ ಅಭ್ಯಾಸ ಮಾಡಿದ್ದನ್ನು ಮಾಡಿಯೇಬಿಟ್ಟೆ. ಬಾಟಲಿ ತೆಗೆದುಕೊಂಡು, ತುಟಿ ಪೂರ್ತಿ ಇಟ್ಟು, ಕಚ್ಚಿ ಹಿಡಿದ ಹಾಗೆ ಕುಡಿದೆ. ಹುಟ್ಟಿದ ಮೇಲೆ ನಾನು ಇನ್ನೊಬ್ಬರ ಜೊತೆ ಹಂಚಿಕೊಂಡ ಬಾಟಲಿಗೆ ಬಾಯಿ ಹಾಕಿದ್ದು ಅದೇ ಮೊದಲು. ಕುಡಿದು, ಒರೆಸದೆ, ಅವಳ ಮುಂದೆ ಹಿಡಿದೆ.

ಎಮಿ ತನ್ನ ಲೋಟವನ್ನು ಎತ್ತಿ ತೋರಿಸಿ ‘ದೈಜೋಬು’ ಎಂದಳು. ಬೇಡ, ಪರವಾಗಿಲ್ಲ, ನನಗೆ ಇದಿದೆ. ದನಿಯಲ್ಲಿ ಒಂದು ಚೂರೂ ಒರಟಿರಲಿಲ್ಲ. ಗುರುತು ಹಾಕುವ ಕಾರ್ಡ್‌ಬೋರ್ಡನ್ನು ಅವಳು ಹೊರಗೆ ತರಲಿಲ್ಲ, ನಾನೂ ಕೇಳಲಿಲ್ಲ.

ಸೆಪ್ಟೆಂಬರಿನಲ್ಲಿ ಶಾಲೆ ಶುರುವಾಯಿತು. ಒಂದು ದಿನ ಆಟದ ಬಯಲಿನಲ್ಲಿ ಅವಳ ಸೆಕ್ಷನ್ನಿನ ಮಕ್ಕಳು ಒಂದು ಆಟ ಆಡುತ್ತಿದ್ದರು. ಎಮಿಯನ್ನು ತಪ್ಪಿ ಮುಟ್ಟಿದ ಹುಡುಗಿ ‘ಎಮಿ-ಕಿನ್, ಎಮಿ-ಕಿನ್’ ಎಂದು ಕೂಗುತ್ತಾ ಇನ್ನೊಬ್ಬಳಿಗೆ ಕೈ ಒರೆಸಿ ಓಡುವುದು, ಅವಳು ಮತ್ತೊಬ್ಬಳಿಗೆ ಒರೆಸುವುದು. ಕಿನ್ ಅಂದರೆ ರೋಗಾಣು ಎಂದು ಅಷ್ಟು ಹೊತ್ತಿಗೆ ನನಗೆ ಗೊತ್ತಿತ್ತು. ಅವಳು ಗೋಡೆಯ ಪಕ್ಕ ಏಕೆ ನಿಲ್ಲುತ್ತಿದ್ದಳು ಎಂದು ಆಗ ತಿಳಿಯಿತು. ಬಾಟಲಿ ಒರೆಸಿದ ನನ್ನ ಫ್ರಾಕಿನ ಅಂಚು ಕಣ್ಣ ಮುಂದೆ ಬಂತು. ಹೋಗಿ ಅವಳ ಪಕ್ಕ ನಿಲ್ಲಬೇಕಿತ್ತು. ಹೋದರೆ ನನಗೂ ಅದೇ ಹೆಸರು ಇಟ್ಟಾರು ಎಂದು ಹೆದರಿ ನಿಂತಲ್ಲೇ ನಿಂತೆ. ಇದನ್ನು ಇಲ್ಲಿಯವರೆಗೆ ಯಾರಿಗೂ ಹೇಳಿರಲಿಲ್ಲ.

ನಾವು ಜಗಳವಾಡಲಿಲ್ಲ. ಸೊಪ್ಪಿಗೆ ಹೋದಾಗಲೆಲ್ಲ ಎಮಿ ತಲೆ ಬಾಗಿಸುತ್ತಿದ್ದಳು, ಅವಳ ಅಮ್ಮ ಕೈಗೆ ಮಿಠಾಯಿ ತುರುಕುತ್ತಿದ್ದಳು. ಮುಂದಿನ ವರ್ಷ ಅವರು ಅಂಗಡಿಯನ್ನು ಇಚಿಕಾವಾಕ್ಕೆ ಸಾಗಿಸಿದರು. ಆರನೆಯ ತರಗತಿಯಲ್ಲಿದ್ದಾಗ, ಹಳೆಯ ಪುಸ್ತಕಗಳ ನಡುವೆ ಅಪ್ಪನ ಕೈಬರಹದ ಆ ಹಾಳೆ ಸಿಕ್ಕಿತು. ಆ ಹೊತ್ತಿಗೆ ಸ್ಪಂಜು ಚೆನ್ನಾಗಿಯೇ ಹೀರಿತ್ತು, ಸರಾಗವಾಗಿ ಓದಿದೆ. ನಡೆದ ಘಟನೆ: ಪಾನೀಯ ಹಂಚಿಕೊಳ್ಳುವಾಗ ತಮಗೆ ಅನಾನುಕೂಲ ಉಂಟಾಗಿದೆ. ಮೂಲ ಕಾರಣ: ನಮ್ಮ ಕುಟುಂಬದ ಅಭ್ಯಾಸ. ಮರುಕಳಿಸದಂತೆ ಕೈಗೊಳ್ಳುವ ಕ್ರಮ: ಇನ್ನು ಮುಂದೆ ತಮ್ಮೊಂದಿಗೆ ಒಂದೇ ಬಾಟಲಿಯಲ್ಲಿ ಕುಡಿಯುವುದಿಲ್ಲ. ಪ್ರತ್ಯೇಕ ಲೋಟಗಳನ್ನು ಬಳಸಲಾಗುವುದು. ಕೆಳಗೆ ಅತ್ಯಂತ ವಿನಯದಿಂದ ಕ್ಷಮೆ.

ಅಪ್ಪ ಸುಳ್ಳು ಹೇಳಿರಲಿಲ್ಲ. ಸಾರಿ ಅಂತಲೇ ಬರೆದಿದ್ದರು. ನಿನ್ನ ಬಾಟಲಿಗೆ ಇನ್ನೆಂದೂ ಬಾಯಿ ಹಾಕುವುದಿಲ್ಲ ಎಂದು ನಾನೇ, ನನ್ನ ಕೈಯಾರೆ, ದುಂಡಗೆ ಬರೆದು ಕೊಟ್ಟಿದ್ದೆ. ಎಮಿ ಅದನ್ನು ನಂಬಿ, ಮರ್ಯಾದೆಯಿಂದ ನಡೆಸಿಕೊಟ್ಟಳು. ಓದಿದ ದಿನವೇ ಹೊರಟು ಹೋಗಿ ಹೇಳಬಹುದಿತ್ತು. ಇಚಿಕಾವಾ ಅದೇ ರೈಲಿನಲ್ಲಿ ಕೆಲವೇ ಸ್ಟೇಷನ್ ದೂರ. ಈ ವಾರ, ಮುಂದಿನ ವಾರ ಎಂದುಕೊಂಡೆ. ಅಷ್ಟರಲ್ಲಿ ಅಪ್ಪನ ಕೆಲಸ ಮುಗಿದು ನಾವು ಮೈಸೂರಿಗೆ ವಾಪಸಾದೆವು. ಅಟ್ಟ ಮೇಲೆ ಒಲೆ ಉರಿಯಿತು, ಕೆಟ್ಟ ಮೇಲೆ ಬುದ್ಧಿ ಬಂತು ಅನ್ನುವ ಗಾದೆಯನ್ನು ಮಾಡಿದವರು ನನ್ನನ್ನು ನೋಡಿಯೇ ಮಾಡಿರಬೇಕು.

ಈಗ ನಾನು ಕೆಲಸಕ್ಕಾಗಿ ಮತ್ತೆ ಜಪಾನಿಗೆ ಬಂದು ಒಸಾಕಾದಲ್ಲಿ ಒಬ್ಬಳೇ ಇದ್ದೇನೆ. ಭಾಷೆ ಬೇಕಾದಷ್ಟಿದೆ, ಎಂಜಲು ಎಂದರೆ ಏನೆಂದು ಸಹೋದ್ಯೋಗಿಗಳಿಗೆ ಅರ್ಧ ಗಂಟೆ ಉಪನ್ಯಾಸ ಕೊಡಬಲ್ಲೆ. ಅವರು ಆಸಕ್ತಿಯಿಂದ ಕೇಳುತ್ತಾರೆ, ಹೌದಾ ಅನು-ಸಾನ್ ಎಂದು ತಲೆ ಆಡಿಸುತ್ತಾರೆ. ಸಭೆಯ ಮೇಜಿನ ಮೇಲೆ ಪ್ರತಿಯೊಬ್ಬರ ಮುಂದೆಯೂ ಅವರವರ ಬಾಟಲಿ ಇರುತ್ತದೆ. ರಸ್ತೆಯಲ್ಲಿ ಹತ್ತು ಹೆಜ್ಜೆಗೊಂದು ಯಂತ್ರ ನಿಂತಿದೆ, ಗುಂಡಿ ಒತ್ತಿದರೆ ಒಬ್ಬರಿಗೆ ಸಾಕಾಗುವ ಒಂದು ಬಾಟಲಿ ಬೀಳುತ್ತದೆ. ಬಾಯಾರಿಕೆ ತೀರಿಸಿಕೊಳ್ಳಲು ಇಲ್ಲಿ ಯಾರಿಗೆ ಯಾರೂ ಬೇಕಾಗಿಲ್ಲ. ಆ ಮೆಟ್ಟಿಲ ಮೇಲೆ ಒಬ್ಬ ಹುಡುಗಿ ತಾನು ಕುಡಿದದ್ದನ್ನು ಯೋಚಿಸದೆ ನನ್ನ ಕೈಗೆ ಕೊಟ್ಟಿದ್ದಳು. ಆಮೇಲೆ ಯಾರೂ ಹಾಗೆ ಕೊಟ್ಟಿಲ್ಲ, ನಾನೂ ಯಾರಿಗೂ ಕೊಟ್ಟಿಲ್ಲ.